ವಿಷಯ: ‘ವೆಟರನ್’, ‘ಜಿಐ ಬಿಲ್’ – ಕನ್ನಡದಲ್ಲಿ ಏನೆನ್ನುವುದು? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಬಲ್ಲವರಿಗೆ ನಮಸ್ಕಾರ.

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆ ನಾಳೆ ಅಚ್ಚಿಗೆ ಹೋಗಬೇಕು. ಅದರಲ್ಲಿ ಅಮೆರಿಕದ 2008ರ ಪೂರಕ ಧನವಿನಿಯೋಗ ಕಾಯ್ದೆಯ ಮೇಲೆ ಎರಡು ಪುಟದ ಲೇಖನವಿದೆ. ಆ ವರ್ಷ ಜೂನ್ 30ರಂದು ಅಧ್ಯಕ್ಷ ಬುಷ್ ಸಹಿ ಹಾಕಿದ ಕಾಯ್ದೆ ಅದು. ಹೆಸರಿಗೆ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಖರ್ಚಿನದು. ಆದರೆ ಅದೇ ಗಾಡಿಯಲ್ಲಿ ಸೇನೆಯಿಂದ ಬಂದವರ ಕಾಲೇಜು ಖರ್ಚು, ಕೆಲಸ ಕಳೆದುಕೊಂಡವರಿಗೆ ಇನ್ನೂ 13 ವಾರಗಳ ಭತ್ಯೆ, ಮಧ್ಯಪಶ್ಚಿಮ ರಾಜ್ಯಗಳಿಗೆ ನೆರೆ ಪರಿಹಾರ, ಇವೂ ಹತ್ತಿ ಕುಳಿತು ಊರು ಸೇರಿದವು. ಲೇಖಕರ ಮಗ ನಾಲ್ಕು ವರ್ಷ ನೌಕಾಪಡೆಯಲ್ಲಿದ್ದು, ಈಗ 24ನೇ ವಯಸ್ಸಿನಲ್ಲಿ ಆ ನೆರವಿನಿಂದಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ.

ಕರಡಿನಲ್ಲಿ ‘ವೆಟರನ್’ ಎನ್ನುವುದಕ್ಕೆ ‘ನಿವೃತ್ತ ಯೋಧ’ ಎಂದಿದೆ. ಮೀಸೆ ಈಗಷ್ಟೇ ದಟ್ಟವಾಗುತ್ತಿರುವ ಹುಡುಗನ ಫೋಟೊದ ಕೆಳಗೆ ‘ನಿವೃತ್ತ’ ಎಂದು ಹಾಕಲು ಕೈ ಬರುತ್ತಿಲ್ಲ. ಆ ಓದಿನ ನೆರವಿಗೆ ಅಲ್ಲಿರುವ ‘ಜಿಐ ಬಿಲ್’ ಎಂಬ ಹೆಸರು ಹಾಗೆಯೇ ಇದೆ. ಕರಡು ಓದಿದ ನಮ್ಮ ಅತ್ತೆ, “ಇದು ಬೋರ್‌ವೆಲ್ ಪೈಪಿನ ಬಿಲ್ಲೇ?” ಎಂದು ಕೇಳಿದರು. ಇನ್ನು ‘ಡೊಮೆಸ್ಟಿಕ್’ ಕಾರ್ಯಕ್ರಮಗಳು ‘ಗೃಹ ಕಾರ್ಯಕ್ರಮಗಳು’ ಆಗಿ, ಯಾರದೋ ಮನೆ ಒಕ್ಕಲಿನ ಆಮಂತ್ರಣದಂತೆ ಕಾಣುತ್ತಿವೆ. ತಲೆಬರಹಕ್ಕೆ ಒಂದೇ ಸಾಲಿನ ಜಾಗ.

– ಸು., ನ್ಯೂಜೆರ್ಸಿ

* * *

ಮಾಜಿ ಸೈನಿಕ. ನೇಮಕಾತಿ ಅಧಿಸೂಚನೆಗಳಲ್ಲೆಲ್ಲ ಇದೆ. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಂತೆ ಇದ್ದಾರೆ. ಇದಕ್ಕೊಂದು ಚರ್ಚೆ ಬೇಕೆ?

– ರಾ., ಮಡಿಕೇರಿ

* * *

‘ಮಾಜಿ’ ಅರಬ್ಬಿ, ‘ಸೈನಿಕ’ ಸಂಸ್ಕೃತ. ಇಬ್ಬರು ನೆಂಟರನ್ನು ಜಗುಲಿಯಲ್ಲಿ ಕೂರಿಸಿ ಮನೆಯವರನ್ನು ಹಿತ್ತಲಿಗೆ ಕಳುಹಿಸಿದಂತಾಯಿತು. ‘ಹಳೆದಂಡಾಳು’ ಎನ್ನಿ. ದಂಡು ನಮ್ಮ ನೆಲದ ಮಾತು. ಬೆಂಗಳೂರಿನವರು ಕಂಟೋನ್ಮೆಂಟನ್ನು ದಂಡು ಎಂದೇ ಕರೆದರು, ರೈಲು ನಿಲ್ದಾಣಕ್ಕೂ ಆ ಹೆಸರು ಬಂತು. ಹಾಗೆಯೇ ‘ಸೌಲಭ್ಯ’ ಎಂಬ ಮಹಾಪ್ರಾಣದ ಹೊರೆಯನ್ನು ಇಳಿಸಿ ‘ಸವಲತ್ತು’ ಎಂದು ಹಗುರಾಗಿ. ತಲೆಬರಹ: ‘ಹಳೆದಂಡಾಳುಗಳ ಕಲಿಕೆಗೆ ಸವಲತ್ತು’.

– ಚ., ಹಾಸನ

* * *

ಚ. ಅವರೇ, ದಂಡು ‘ದಂಡ’ದ ತದ್ಭವ. ದಂಡನಾಯಕ ಎಂಬ ಹೆಸರು ಎಷ್ಟು ಶಾಸನಗಳಲ್ಲಿದೆ ಎಂದು ನಾನು ಹೇಳಬೇಕಾಗಿಲ್ಲ. ಸವಲತ್ತು ಅರಬ್ಬಿಯ ಸುಹೂಲತ್, ಮರಾಠಿಯ ದಾರಿಯಲ್ಲಿ ನಮ್ಮಲ್ಲಿಗೆ ಬಂದದ್ದು. ಒಂದೇ ಸಾಲಿನಲ್ಲಿ ಎರಡು ಬಾರಿ ಎಡವಿದ್ದೀರಿ.

ಸ್ವಾರಸ್ಯ ಬೇರೆಯೇ ಇದೆ. ವೆಟರನ್ ಲ್ಯಾಟಿನ್ನಿನ ‘ವೆಟುಸ್’ನಿಂದ ಬಂದದ್ದು, ಹಳೆಯದು ಎಂದರ್ಥ. ಅದರ ಬೇರು ವರ್ಷ ಎಂಬ ಅರ್ಥದ್ದು, ನಮ್ಮ ವತ್ಸರ, ಸಂವತ್ಸರಗಳ ಬೇರೂ ಅದೇ. ವರ್ಷದ ಕರು ‘ವತ್ಸ’ವಾದದ್ದೂ ಅಲ್ಲಿಂದಲೇ. ಅಂದರೆ ಶಬ್ದ ನಮ್ಮ ಮನೆಯಲ್ಲಿಯೇ ಇದೆ, ನಾವು ಊರೆಲ್ಲ ಹುಡುಕುತ್ತಿದ್ದೇವೆ.

– ವಿ., ಮೈಸೂರು

* * *

ಹಾಗಿದ್ದರೆ ‘ಕರುಗಳ ಶಿಕ್ಷಣಕ್ಕೆ ನೆರವು’ ಎಂದು ಹಾಕಿಬಿಡಲಿ. ಪಶುಸಂಗೋಪನೆ ಇಲಾಖೆಯಿಂದ ಜಾಹೀರಾತೂ ಸಿಕ್ಕೀತು.

– ರಾ., ಮಡಿಕೇರಿ

* * *

ಸು. ಅವರೇ, ಕಾನೂನು ಅನುವಾದದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಅಲ್ಲಿ ಕಲಿತದ್ದು ಇಷ್ಟೇ: ಶಬ್ದಕ್ಕೆ ಮೊದಲು ಆಸಾಮಿ ಯಾರು ಎಂದು ನೋಡಬೇಕು.

‘ನಿವೃತ್ತ’ ಖಂಡಿತ ತಪ್ಪು. ಅಮೆರಿಕದ ಸೇನೆಯಲ್ಲಿ ನಿವೃತ್ತರಾಗುವುದು ಸಾಮಾನ್ಯವಾಗಿ ಇಪ್ಪತ್ತು ವರ್ಷ ದುಡಿದು ಪಿಂಚಣಿ ಪಡೆಯುವವರು. ವೆಟರನ್ ಆಗಲು ಅಷ್ಟು ಬೇಕಿಲ್ಲ. ಸಕ್ರಿಯ ಸೇವೆ ಮಾಡಿ, ಅಗೌರವದ ಕಾರಣಕ್ಕಲ್ಲದೆ ಬಿಡುಗಡೆಯಾದರೆ ಸಾಕು. ಈ ಕಾಯ್ದೆಯಂತೂ 2001ರ ಸೆಪ್ಟೆಂಬರ್ 11ರ ನಂತರ 90 ದಿನ ಸೇವೆ ಮಾಡಿದವರಿಗೂ ಒಂದು ಪಾಲು ನೆರವು ಇಟ್ಟಿತು, 36 ತಿಂಗಳು ಮಾಡಿದವರಿಗೆ ಪೂರ್ತಿ. ‘ಮಾಜಿ ಸೈನಿಕ’ದಲ್ಲಿಯೂ ಒಂದು ಮುಳ್ಳಿದೆ. ನಮ್ಮಲ್ಲಿ ಅದು ನಿಯಮದಲ್ಲಿ ಕಟ್ಟಿಹಾಕಿದ ಪದ, ನಾಲ್ಕು ವರ್ಷ ಮುಗಿಸಿ ಬಂದ ಅಗ್ನಿವೀರನಿಗೆ ಅದು ಸಲ್ಲುವುದಿಲ್ಲ. ಅಲ್ಲಿ ನಾಲ್ಕು ವರ್ಷದ ಹುಡುಗ ವೆಟರನ್, ಇಲ್ಲಿ ಅಲ್ಲ. ಮಡಿಕೇರಿಯವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಇನ್ನೊಂದು. ಈ ಓದಿನ ನೆರವನ್ನು ತಂದ ಸೆನೆಟರ್ ಜಿಮ್ ವೆಬ್ ಸ್ವತಃ ವಿಯೆಟ್ನಾಂನಲ್ಲಿ ಹೋರಾಡಿದವರು. ಓದಿನ ಆಸೆಗೆ ಜನ ಬೇಗ ಸೇನೆ ಬಿಟ್ಟಾರೆಂದು ಸರ್ಕಾರ ಮೊದಲು ತಕರಾರು ತೆಗೆದಿತ್ತು. ಕೊನೆಗೆ ಸೇವೆ ಮುಂದುವರಿಸುವವರು ತಮ್ಮ ಪಾಲನ್ನು ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ದಾಟಿಸಬಹುದೆಂಬ ಕಲಮು ಸೇರಿತು. ಆದ್ದರಿಂದ ಈ ದುಡ್ಡಿನಲ್ಲಿ ಓದುತ್ತಿರುವುದು ಇನ್ನೂ ಸಮವಸ್ತ್ರದಲ್ಲಿರುವವರ ಮಗಳೂ ಆಗಿರಬಹುದು. ‘ಮಾಜಿ’ಯೂ ಅಲ್ಲ, ಸೈನಿಕಳೂ ಅಲ್ಲ.

ಈಗ ‘ಬಿಲ್’. ಇದನ್ನು ‘ಮಸೂದೆ’ ಎನ್ನಬೇಡಿ. ಮಸೂದೆ ಎಂದರೆ ಅರಬ್ಬಿಯಲ್ಲಿ ಕಪ್ಪಾಗಿಸಿದ್ದು, ಅಂದರೆ ಗೀಚಿ ತಿದ್ದಿದ ಕರಡು. ಸಹಿ ಬಿದ್ದ ಮೇಲೆ ಅದು ಕರಡಲ್ಲ. ಮೇಲಾಗಿ 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಮೂಲ ಕಾಯ್ದೆಗೆ ‘ಜಿಐ ಬಿಲ್ ಆಫ್ ರೈಟ್ಸ್’ ಎಂಬ ಅಡ್ಡಹೆಸರಿತ್ತು. ಅಲ್ಲಿನ ಬಿಲ್ ಹಕ್ಕುಗಳ ಸನ್ನದು, ಶಾಸನಸಭೆಯ ಮಸೂದೆಯಲ್ಲ. ಹಾಗೆಂದು ‘ಹಕ್ಕುಪತ್ರ’ ಎಂದೀರಿ, ಜೋಕೆ! ನಿವೇಶನ ಹಂಚುತ್ತಿದ್ದಾರೆಂದು ಓದುಗರು ಆಧಾರ್ ಕಾರ್ಡ್ ಹಿಡಿದು ನಿಂತಾರು.

ನಿಮ್ಮ ಅತ್ತೆಯವರು ಕೇಳಿದ್ದರಲ್ಲಿ ಹುರುಳಿದೆ ಎಂದು ಅವರಿಗೆ ತಿಳಿಸಿ. ಸೇನೆಯ ದಾಸ್ತಾನು ಪಟ್ಟಿಗಳಲ್ಲಿ ಜಿಐ ಎಂದರೆ ಮೊದಲು ಸತುವಿನ ಲೇಪದ ಕಬ್ಬಿಣವೇ, ಬಕೆಟ್ಟು, ಕಸದ ಡಬ್ಬಿಗಳ ಮೇಲೆ ಬರೆಯುತ್ತಿದ್ದದ್ದು. ಸರ್ಕಾರ ಕೊಟ್ಟ ಸಾಮಾನು ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ಕೊನೆಗೆ ಸಿಪಾಯಿಯೇ ಜಿಐ ಆದ.

‘ಡೊಮೆಸ್ಟಿಕ್’ಗೆ ‘ದೇಶದೊಳಗಿನ’ ಸಾಕು. ‘ಒಳನಾಡು’ ಎಂದರೆ ಮೀನುಗಾರಿಕೆ ನೆನಪಾಗುತ್ತದೆ, ‘ದೇಶಿ’ ಎಂದರೆ ಹಸು.

– ನಾ., ಬೆಂಗಳೂರು

* * *

ಪಾಂಡಿತ್ಯ ಸರಿ. ಆದರೆ ‘ಸನ್ನದು’, ‘ತಕರಾರು’, ‘ಕಲಮು’, ‘ದಾಸ್ತಾನು’ ಎಂದು ಒಂದೇ ಓಲೆಯಲ್ಲಿ ಇಡೀ ಪಾರಸಿ ಕಚೇರಿಯನ್ನೇ ತೆರೆದವರು ನಮ್ಮ ದಂಡಿಗೆ ದಂಡ ಹಾಕುವುದನ್ನು ನೋಡುತ್ತಾ ಕುಳಿತಿದ್ದಾರೆ. ಸರಿ, ದಂಡು ಬಿಟ್ಟೆ. ‘ಪಡೆ’ಯನ್ನು ಯಾರಿಂದಲೂ ಕಿತ್ತುಕೊಳ್ಳಲಾಗದು, ತಮಿಳಿನಲ್ಲಿಯೂ ಇದೆ. ‘ಪಡೆಮರಳಿಗರು’.

– ಚ., ಹಾಸನ

* * *

ಪಡೆಮರಳಿಗರು ಎಂದರೆ ಮರಳು ಸಾಗಿಸುವವರೇ?

– ರಾ., ಮಡಿಕೇರಿ

* * *

ಸದಸ್ಯರು ಹೀಗೆ ಅರಬ್ಬಿ, ಪಾರಸಿ ಎಂದು ಮೂಗು ಮುರಿಯುವುದಾದರೆ ‘ಕಾನೂನು’ ಎಂಬುದನ್ನೂ ಬಿಡಿ, ಅದು ಗ್ರೀಕಿನಿಂದ ಅರಬ್ಬಿಗೆ ಹೋದದ್ದು. ಉಳಿಯುವುದು ವಿಧಿ, ಅಧಿನಿಯಮ, ವಿಧೇಯಕ. ನಮ್ಮ ವಿಧಾನಮಂಡಲದ ಕಾಗದಪತ್ರಗಳು ನಡೆಯುತ್ತಿರುವುದೇ ಅವುಗಳ ಮೇಲೆ. ವ್ಯಂಗ್ಯಕ್ಕೆ ಉತ್ತರಿಸುವ ಅಭ್ಯಾಸ ನನಗಿಲ್ಲ.

– ವಿ., ಮೈಸೂರು

* * *

ಕಾಗದಪತ್ರದಲ್ಲಿನ ‘ಕಾಗದ’ ಯಾವ ಭಾಷೆಯದೋ?

– ನಾ., ಬೆಂಗಳೂರು

* * *

ಎಲ್ಲರಿಗೂ ವಂದನೆ. ಪುಟ ಕಳುಹಿಸಿದೆ. ತಲೆಬರಹ: ‘ಸೇನೆಯಿಂದ ಬಂದವರ ಓದಿಗೆ ಸರ್ಕಾರದ ನೆರವು’. ಒಳಗೆ ಮೊದಲ ಸಲ ‘ಜಿಐ ಬಿಲ್ ಎಂದೇ ಹೆಸರಾದ ಕಾಯ್ದೆ’ ಎಂದು ಬರೆದು, ಆಮೇಲೆ ಬರೀ ‘ಕಾಯ್ದೆ’ ಎಂದಿಟ್ಟಿದ್ದೇನೆ. ಮಗಳಿಗೂ ದಾಟಬಹುದೆಂಬ ಮಾತು ಲೇಖನದಲ್ಲಿ ಇರಲೇ ಇಲ್ಲ, ಲೇಖಕರನ್ನು ಕೇಳಿ ಎರಡು ಸಾಲು ಸೇರಿಸಿದೆ. ಫೋಟೊದ ಕೆಳಗೆ ಏನು ಹಾಕಲಿ ಎಂದು ಹುಡುಗನನ್ನೇ ಕೇಳಿದ್ದಕ್ಕೆ, “ಎರಡನೇ ವರ್ಷದ ವಿದ್ಯಾರ್ಥಿ ಎಂದು ಹಾಕಿ, ಆಂಟಿ” ಎಂದ. ಹಾಗೆಯೇ ಹಾಕಿದ್ದೇನೆ.

ಪೈಪಿನ ಸಂಗತಿ ತಿಳಿದ ಮೇಲೆ ಅತ್ತೆಯವರನ್ನು ಹಿಡಿಯುವವರಿಲ್ಲ.

– ಸು., ನ್ಯೂಜೆರ್ಸಿ

* * *

‘ವಿದ್ಯಾರ್ಥಿ’ ಏಕೆ? ‘ಕಲಿಗ’ ಎನ್ನಬಹುದಿತ್ತು.

– ಚ., ಹಾಸನ