ಮೌಂಟ್ ಟೆಸ್ಟ್ ಹತ್ತರಲ್ಲಿ ಮೂರು ಸಲ ಫೇಲ್, ನಿಮ್ಗೂ ಹೀಗಾಗಿತ್ತಾ?

ಇನೋಡ್7: ನಾವು ಬರೀತಿರೋ ಡಿಸ್ಕ್ ಇಮೇಜ್ (ಇಡೀ ಡಿಸ್ಕ್ ಒಂದೇ ಫೈಲಲ್ಲಿ) ರಿಪೇರಿ ಟೂಲ್‌ಗೆ ಒಂದು ಮೌಂಟ್ ಟೆಸ್ಟ್ ಇದೆ. ಲಿನಕ್ಸಲ್ಲಿ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇರೋ ಇಮೇಜ್ ಮಾಡಿ ಲೂಪ್‌ಗೆ (ಫೈಲನ್ನ ಡಿಸ್ಕ್ ಥರ ತೋರಿಸೋ ಡಿವೈಸ್) ಹಾಕಿ ಮೌಂಟ್ ಮಾಡ್ತೀವಿ, ಅಂದ್ರೆ ಒಳಗಿನ ಫೈಲ್‌ಗಳು ಕಾಣೋ ಹಾಗೆ ಜೋಡಿಸ್ತೀವಿ, ಆಮೇಲೆ ಅನ್‌ಮೌಂಟ್ ಮಾಡಿ, ಲೂಪ್ ಬಿಡಿಸಿ, ಇಮೇಜ್ ಫೈಲ್ ಮೇಲೆ ಟೂಲ್ ಓಡಿಸಿ ಮತ್ತೆ ಮೌಂಟ್. ಆ ಎರಡನೇ ಮೌಂಟ್ ಎಕ್ಸಿಟ್ ಕೋಡ್ 32 ಕೊಟ್ಟು ಬೀಳುತ್ತೆ, 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್' ಅಂತ. ನನ್ನ ಮಷೀನಲ್ಲಿ ಬಿದ್ದೇ ಇಲ್ಲ, ಟೆಸ್ಟ್ ಸರ್ವರಲ್ಲಿ ಮಾತ್ರ. ನೀವೆಲ್ಲ ಏನ್ ಮಾಡಿದ್ರಿ?

ರಾತ್ರಿಪಾಳಿ: ಆ ಮೆಸೇಜ್ ನಂಬಿ ನಾನು ಆರು ದಿನ ಕಳ್ಕೊಂಡೆ. ನಮ್ದು ಎಕ್ಸ್‌ಎಫ್‌ಎಸ್, ಇನ್ನೊಂದು ಫೈಲ್‌ಸಿಸ್ಟಮ್. ಮೊದ್ಲು ರ‍್ಯಾಮ್ ಮೇಲೆ ಡೌಟ್ ಬಂದು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸ್ದೆ, ಏನೂ ಇಲ್ಲ. ಆಮೇಲೆ ಕರ್ನಲ್ (ಲಿನಕ್ಸಿನ ತಿರುಳು) ಎರಡು ಸಲ ಬಿಲ್ಡ್, ಒಂದೊಂದಕ್ಕೆ 50 ನಿಮಿಷ, ಎರಡನೇದು ಮುಗಿಯೋ ಹೊತ್ತಿಗೆ ಡಿಸ್ಕ್ ಫುಲ್ ಆಗಿ ನಿಂತ್ಹೋಯ್ತು. ಆರನೇ ದಿನ ಡಿಮೆಸೇಜ್ (ಕರ್ನಲ್ ಲಾಗ್) ನೋಡಿದ್ರೆ ಒಂದೇ ಸಾಲು, 'ಡೂಪ್ಲಿಕೇಟ್ ಯುಯುಐಡಿ'. ಯುಯುಐಡಿ ಅಂದ್ರೆ ಫೈಲ್‌ಸಿಸ್ಟಮ್‌ನ ಗುರುತಿನ ನಂಬರ್, ನಾವು ಒಂದೇ ಟೆಂಪ್ಲೇಟ್ ಇಮೇಜ್ ಕಾಪಿ ಮಾಡಿ ಮಾಡಿ ಮೌಂಟ್ ಮಾಡ್ತಿದ್ವಿ. ಆ ನಂಬರ್ ನೋಡದೇ ಮೌಂಟ್ ಮಾಡೋ ನೋಯುಯುಐಡಿ ಆಪ್ಷನ್ ಹಾಕಿದ್ವಿ, ಮುಗೀತು.

ಹಳೇಲೂಪ್: ಮುಗೀಲಿಲ್ಲ ಸ್ವಾಮಿ, ಮುಚ್ಚಿಟ್ರಿ. ಹಳೇ ಕಾಪಿ ನಿಜವಾಗ್ಲೂ ಅನ್‌ಮೌಂಟ್ ಆಗಿದ್ರೆ ಡೂಪ್ಲಿಕೇಟ್ ಎಲ್ಲಿಂದ ಬರುತ್ತೆ? ಸ್ಕ್ರಿಪ್ಟಲ್ಲಿ ಯಾರೋ ಲೇಜಿ ಅನ್‌ಮೌಂಟ್ ಹಾಕಿರ್ತಾರೆ. ಅದು ಕಣ್ಣಿಗೆ ಕಾಣದ ಹಾಗೆ ಮಾಡುತ್ತೆ ಅಷ್ಟೇ, ಯಾರಾದ್ರೂ ಒಂದು ಫೈಲ್ ತೆರೆದಿಟ್ಟಿದ್ರೆ ಫೈಲ್‌ಸಿಸ್ಟಮ್ ಒಳಗೆ ಜೀವಂತ ಇರುತ್ತೆ.

ರಾತ್ರಿಪಾಳಿ: ನಮ್ಮ ಟೆಸ್ಟ್ ಎಂಟೆಂಟು ಒಟ್ಟಿಗೆ ಓಡ್ತವೆ, ಎಂಟು ಕಾಪಿನೂ ಒಂದೇ ಸಲ ಮೌಂಟ್ ಆಗಿರ್ತವೆ. ನನ್ನ ಸ್ಕ್ರಿಪ್ಟ್ ನೋಡ್ದೇನೇ ಮುಚ್ಚಿಟ್ರಿ ಅಂದ್ರೆ ಹೇಗೆ?

ಹಳೇಲೂಪ್: ಹಾಗಿದ್ರೆ ಕಾಪಿ ಮಾಡಿದ ತಕ್ಷಣ ಎಕ್ಸ್‌ಎಫ್‌ಎಸ್ ಅಡ್ಮಿನ್‌ನಲ್ಲಿ ಹೊಸ ಯುಯುಐಡಿ ಕೊಡಿ, ಅದು ಸರಿಯಾದ ದಾರಿ.

ಯೂಸರ್‌ಸ್ಪೇಸ್: ಈ ರಗಳೆನೇ ಬೇಡ ಅಂತ ನಾನು ಟೆಸ್ಟೆಲ್ಲ ಫ್ಯೂಸ್‌ಗೆ (ಕರ್ನಲ್ ಹೊರಗೆ ಸಾಮಾನ್ಯ ಪ್ರೋಗ್ರಾಮಾಗಿ ಫೈಲ್‌ಸಿಸ್ಟಮ್ ಓಡಿಸೋದು) ತಂದೆ, ಎರಡು ತಿಂಗಳು ಹಿಡೀತು. ಕಂಟೇನರ್ ಒಳಗೆ ಫ್ಯೂಸ್ ಡಿವೈಸೇ ಇರ್ಲಿಲ್ಲ, ಅದನ್ನ ಕೊಡಿಸೋಕೆ ಒಂಬತ್ತು ದಿನ ಮೇಲ್ ಬರೆದಿದ್ದೀನಿ. ಅದರ ಡೀಮನ್ (ಹಿಂದೆ ಓಡ್ತಿರೋ ಪ್ರೋಗ್ರಾಮ್) ಅರ್ಧದಲ್ಲಿ ಸತ್ರೆ ಮೌಂಟ್ ಪಾಯಿಂಟ್ ಹಾಗೇ ಉಳ್ಕೊಂಡು 'ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್', ಫೈಲ್ ಪಟ್ಟಿ ನೋಡೋಕೆ ಎಲ್‌ಎಸ್ ಹೊಡೆದ್ರೂ ಅದೇ. ಕೊನೆಗೆ ಅನ್‌ಮೌಂಟ್ ಆದ್ಮೇಲೆ ಎರಡು ಸೆಕೆಂಡ್ ಸ್ಲೀಪ್ ಹಾಕಿದೆ, ಅವತ್ತಿಂದ ಎಲ್ಲಾ ಹಸಿರು, ಅಂದ್ರೆ ಪಾಸ್.

ಹಳೇಲೂಪ್: ಸ್ಲೀಪ್ ಹಾಕಿ ಹಸಿರು ಮಾಡಿದ್ದನ್ನ ಇನ್ನೊಬ್ರಿಗೆ ಹೇಳ್ಕೊಡ್ಬೇಡಿ. ಲೋಡ್ ಜಾಸ್ತಿ ಆದ ದಿನ ಮೂರು ಸೆಕೆಂಡ್ ಬೇಕಾಗುತ್ತೆ.

ಯೂಸರ್‌ಸ್ಪೇಸ್: ಹನ್ನೊಂದು ತಿಂಗಳಲ್ಲಿ ಬೇಕಾಗಿಲ್ಲ.

ಬಿಲ್ಡ್‌ಮನೆ: ಯಾರೂ ವರ್ಷನ್ ಕೇಳ್ತಾನೇ ಇಲ್ವಲ್ಲ! ಇ2ಎಫ್‌ಎಸ್‌ಪ್ರಾಗ್ಸ್ (ಎಕ್ಸ್‌ಟಿ4 ಟೂಲ್‌ಗಳ ಪ್ಯಾಕೇಜ್) 1.47.0 ಬಂದಾಗ, 2023ರಲ್ಲಿ, ಆರ್ಫನ್ ಫೈಲ್ ಅನ್ನೋ ಫೀಚರ್ ಡಿಫಾಲ್ಟ್ ಆಯ್ತು. ಹೊಸ ಮಷೀನಲ್ಲಿ ಮಾಡಿದ ಇಮೇಜ್‌ಗೆ ಹಳೇ ಸರ್ವರಿನ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ಚೆಕ್ ಮಾಡೋ ಟೂಲ್) 'ಫೀಚರ್ ಸಿ12' (ಅದೇ ಆರ್ಫನ್ ಫೈಲ್) ಗೊತ್ತಿಲ್ಲ ಅಂತ ಕೈ ಎತ್ತಿಬಿಡ್ತು. ನಮ್ಗೆ ಒಂದು ರಿಲೀಸೇ ಹೋಯ್ತು.

ರಾತ್ರಿಪಾಳಿ: ಹಾಗಾದ್ರೆ ಪ್ರತಿಸಲ ಬೀಳ್ಬೇಕಿತ್ತಲ್ವಾ, ಹತ್ತರಲ್ಲಿ ಮೂರು ಅಂತ ಬರೆದಿದ್ದಾರೆ, ಓದಿ.

ಹಳೇಲೂಪ್: ಇನೋಡ್7, ನನಗೆ ಇದೇ ಆಗಿ ಒಂದು ವಾರ ಹೋಗಿತ್ತು. ಕರ್ನಲ್ 3.7ರಿಂದೀಚೆಗೆ ಲೂಪ್ ಬಿಡಿಸೋ ಲೊಸೆಟಪ್ ಡಿಟ್ಯಾಚ್ ಕಮಾಂಡ್, ಲೂಪನ್ನ ಬೇರೆ ಯಾರಾದ್ರೂ ಹಿಡ್ಕೊಂಡಿದ್ರೂ ಎರರ್ ಕೊಡಲ್ಲ, ಆಯ್ತು ಅಂತ ಸುಮ್ನೆ ವಾಪಸ್ ಬರುತ್ತೆ, ನಿಜವಾಗಿ ಬಿಡೋದು ಆಮೇಲೆ. ಅಷ್ಟರಲ್ಲಿ ನಿಮ್ಮ ಟೂಲ್ ಫೈಲ್‌ಗೆ ನೇರ ಬರೆದಿರುತ್ತೆ. ಮತ್ತೆ ಲೂಪ್ ಆಪ್ಷನ್ ಕೊಟ್ಟು ಮೌಂಟ್ ಮಾಡಿದ್ರೆ ಅದೇ ಹಳೇ ಲೂಪನ್ನೇ ಎತ್ಕೊಳ್ಳುತ್ತೆ, ಅದರ ಕ್ಯಾಶಲ್ಲಿ (ಮೆಮೊರಿಲಿ ಇಟ್ಕೊಂಡ ಕಾಪಿ) ಹಳೇ ಬ್ಲಾಕ್‌ಗಳು. ನಾನು ಟೂಲಲ್ಲೇ ತಪ್ಪಿದೆ ಅಂತ ಚೆಕ್‌ಸಮ್ ಕೋಡ್ ಪೂರ್ತಿ ಎರಡು ಸಲ ಬರೆದಿದ್ದೆ.

ಇನೋಡ್7: ಡಿಟ್ಯಾಚ್ ಆದ ಮೇಲೆ ಲೊಸೆಟಪ್ ಲಿಸ್ಟ್ ಹಾಕಿಸಿದೆ. ಫೇಲ್ ಆದ ರನ್‌ಗಳಲ್ಲೆಲ್ಲ ಲೂಪ್3 ಇನ್ನೂ ಅಲ್ಲೇ ಇದೆ, ಸರ್ವರಿನ ಡಿಸ್ಕ್ ನೋಡೋ ಪ್ರೋಗ್ರಾಮ್ ಒಂದು ಅದನ್ನ ತೆರೆದಿಟ್ಕೊಂಡಿದೆ. ಈಗ ಲಿಸ್ಟಿಂದ ಲೂಪ್ ಹೋಗೋವರೆಗೂ ಕಾದು ಆಮೇಲೆ ಟೂಲ್ ಓಡಿಸ್ತಿದ್ದೀನಿ, 60 ರನ್ ಪಾಸ್.

ಯೂಸರ್‌ಸ್ಪೇಸ್: ಕಾಯೋದೇ ತಾನೇ, ನಾನು ಹೇಳಿದ್ದೂ ಅದೇ.

ಹಳೇಲೂಪ್: ಅದೇ ಅಲ್ಲ ಮಾರಾಯ್ರೆ, ಇವರು ಕಾಯ್ತಿರೋದು ಲೂಪ್ ಬಿಡೋದಕ್ಕೆ, ನೀವು ಕಾದಿದ್ದು ಗಡಿಯಾರಕ್ಕೆ.