ಬೆಳೆದ ಗಂಡಸಿನ ತಲೆಗೂ ‘ಕುಲಾವಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಮಧ್ಯಯುಗದ ಯುರೋಪಿನ ಜನ ಏನು ತೊಡುತ್ತಿದ್ದರು ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನಾನು ನೋಡುತ್ತಿರುವುದು ಮಾರ್ಗನ್ ಬೈಬಲ್ಲಿನ ಚಿತ್ರಗಳನ್ನು. 13ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನಲ್ಲಿ ತಯಾರಾದ, ಚಿನ್ನದ ರೇಕು ಹಚ್ಚಿದ ಹಸ್ತಪ್ರತಿ ಇದು. ಹೆಚ್ಚಿನ ಹಾಳೆಗಳು ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿವೆ. ಕಥೆ ದಾವೀದ, ಸೌಲ, ರೂತಳದು. ಬಟ್ಟೆ ಮಾತ್ರ ಚಿತ್ರ ಬರೆದವರ ಕಾಲದ್ದು. ನಮಗೆ ಬೇಕಾದದ್ದೂ ಅದೇ ಅಲ್ವಾ? ಬಡವರ ದಿನಬಳಕೆಯ ಬಟ್ಟೆ ಇಷ್ಟು ವರ್ಷ ಉಳಿದಿರುವುದು ತೀರಾ ಕಡಿಮೆ.

ಮೊದಲನೆಯದು ‘ಕಾಯ್ಫ್’. ಬಿಳಿ ಲಿನನ್ ಬಟ್ಟೆಯದು, ತಲೆಗೆ ಅಂಟಿಕೊಂಡಂತೆ ಕೂರುತ್ತದೆ, ಕಿವಿ ಮುಚ್ಚುತ್ತದೆ, ಗದ್ದದ ಕೆಳಗೆ ದಾರ ಕಟ್ಟುತ್ತಾರೆ. ನೋಡಿದ ತಕ್ಷಣ ನಮ್ಮಜ್ಜಿ ಹೊಲಿಯುತ್ತಿದ್ದ ಕುಲಾವಿ ನೆನಪಾಯಿತು. ಆಕಾರ ಅದೇ, ಕಟ್ಟುವ ರೀತಿಯೂ ಅದೇ. ಆದರೆ ಕುಲಾವಿ ಅಂದರೆ ನಮಗೆ ಕಣ್ಮುಂದೆ ಬರುವುದು ಮಗು. ‘ಕೂಸು ಹುಟ್ಟೋ ಮೊದಲೇ ಕುಲಾವಿ’ ಅಂತ ಗಾದೆಯೇ ಇದೆ. ಇಲ್ಲಿ ಅದನ್ನು ಹಾಕಿಕೊಂಡವರು ಕೆಲಸಗಾರರು, ಸೈನಿಕರು. ‘ಟೋಪಿ’ ಅಂದರೆ ಗದ್ದದ ದಾರ ಬಿಟ್ಟುಹೋಗುತ್ತದೆ. ‘ಕುಂಚಿಗೆ’ ಬೆನ್ನಿನ ಮೇಲೂ ಇಳಿಯುತ್ತದೆ, ಅದನ್ನು ಭುಜ ಮುಚ್ಚುವ ‘ಹುಡ್’ಗೆ ಇಟ್ಟುಕೊಂಡಿದ್ದೇನೆ. ನನ್ನ ಮನಸ್ಸು ಕುಲಾವಿಯ ಕಡೆಗೇ ಇದೆ. ವಸ್ತು ಒಂದೇ ಆಗಿರುವಾಗ ತೊಟ್ಟವರ ವಯಸ್ಸು ಅಡ್ಡ ಬರಬಾರದು ಅನ್ನಿಸುತ್ತದೆ.

ಎರಡನೆಯದು ಜಾಸ್ತಿ ಕಷ್ಟದ್ದು. ಒಳಗೆ ತೊಡುವ ಸಡಿಲವಾದ ‘ಬ್ರೇ’ಗೆ ‘ಚಲ್ಲಣ’ ಸರಿಹೋಯಿತು, ಲಾಡಿಯೂ ಉಂಟು. ಅದರ ಜೊತೆಗಿನ ‘ಹೋಸ್’ಗೆ ಏನನ್ನೋಣ? ಒಂದೊಂದು ಕಾಲಿಗೆ ಒಂದೊಂದು, ತೊಡೆಯವರೆಗೆ ಬರುತ್ತದೆ. ಮೇಲಿನ ತುದಿಯನ್ನು ಚಲ್ಲಣದ ಲಾಡಿಗೇ ಬಿಗಿಯುತ್ತಿದ್ದರು. ‘ಇಜಾರ’ ಅಂದರೆ ಎರಡು ಕಾಲೂ ಸೇರಿಸಿ ಹೊಲಿದದ್ದು ಅಂತಾಗುತ್ತದೆ, ಅದು ತಪ್ಪು. ‘ಕಾಲುಚೀಲ’ ಅಂದರೆ ಓದುಗರು ಪಾದದ ಹತ್ತಿರವೇ ನಿಲ್ಲುತ್ತಾರೆ. ‘ತೊಡೆಚೀಲ’ ಅಂತ ಸುಮ್ನೆ ಕಟ್ಟಿ ನೋಡಿದೆ, ಬಾಯಿಗೆ ಹಿಡಿಸಲಿಲ್ಲ.

ನಿಮ್ಮ ಕಡೆ ದೊಡ್ಡವರು ಹಾಕುವ ಟೋಪಿಗೂ ಕುಲಾವಿ ಅನ್ನುವುದುಂಟೇ? ಕಾಲಿಗೆ ಬೇರೆ ಬೇರೆಯಾಗಿ ತೊಡುವ ಉದ್ದನೆಯ ಬಟ್ಟೆಗೆ ದರ್ಜಿಗಳ ಬಾಯಲ್ಲೋ, ವೇಷ ಕಟ್ಟುವವರ ಬಾಯಲ್ಲೋ ಯಾವುದಾದರೂ ಪದ ಕೇಳಿದ್ದರೆ, ಯಾವ ಊರಿನದು ಅಂತಲೂ ಸೇರಿಸಿ ತಿಳಿಸಿ.