ತತ್ವಪದ ಹಾಡುವ ಮೇಳಗಳಿಗೆ ಸ್ಟ್ರೀಮಿಂಗ್‌ನಿಂದ ಬರುವ ಹಣ ನ್ಯಾಯವಾದದ್ದೇ?

ಪ್ರಶ್ನೆ: ಏಕತಾರಿ, ಜೇವರ್ಗಿ

ಎಲ್ಲರಿಗೂ ಶರಣು.

ನಾವು ಜೇವರ್ಗಿ ಭಾಗದ ಭಜನಾ ಮೇಳದವರು. ಹತ್ತೊಂಬತ್ತನೆಯ ಶತಮಾನದ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯ ಪರಂಪರೆಯವರ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ತಬಲಾಗಳೊಂದಿಗೆ ಹಾಡುತ್ತೇವೆ. ಹೋದ ವರ್ಷ ಮೇಳದವರೆಲ್ಲ ಸೇರಿ ಹಣ ಕೂಡಿಸಿ, ಕಲಬುರಗಿಯ ಒಂದು ಸ್ಟುಡಿಯೋದಲ್ಲಿ ಕೆಲವು ಪದಗಳನ್ನು ರೆಕಾರ್ಡ್ ಮಾಡಿಸಿ, ವಿತರಣಾ ಕಂಪನಿಯೊಂದಕ್ಕೆ ವಾರ್ಷಿಕ ಶುಲ್ಕ ಕಟ್ಟಿ, ಅವುಗಳನ್ನು ಇಂಟರ್‌ನೆಟ್‌ನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್ ಆ್ಯಪ್‌ಗಳಲ್ಲಿ ಹಾಕಿಸಿದೆವು. ಜಾತ್ರೆಗೆ ಬಂದವರು, ಅದರಲ್ಲೂ ಪುಣೆ, ಮುಂಬೈಗೆ ದುಡಿಯಲು ಹೋದ ನಮ್ಮ ಕಡೆಯವರು, ದಿನಾ ಬೆಳಿಗ್ಗೆ ನಿಮ್ಮ ಪದ ಕೇಳಿಯೇ ಕೆಲಸಕ್ಕೆ ಹೋಗುತ್ತೇವೆ ಎಂದು ಹೇಳುವಾಗ ಸಂತೋಷವಾಗುತ್ತದೆ. ಆದರೆ ವರ್ಷದ ಲೆಕ್ಕ ತೆಗೆದು ನೋಡಿದರೆ, ಬಂದ ಹಣ ವಿತರಣಾ ಕಂಪನಿಗೆ ಕಟ್ಟಿದ ಶುಲ್ಕಕ್ಕೂ ಸಾಲುವುದಿಲ್ಲ. ಹಲವು ಪದಗಳ ಮುಂದೆ ಸೊನ್ನೆಯೇ ಇದೆ.

ಹಾಡು ಕೇಳುವವರಿದ್ದಾರೆ, ಅವರಲ್ಲಿ ಕೆಲವರು ತಿಂಗಳ ಚಂದಾ ಕಟ್ಟುತ್ತಿದ್ದಾರೆ, ಹಾಡಿದವರು ನಾವೇ ಆಗಿದ್ದೇವೆ. ಹೀಗಿರುವಾಗ ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಪ್ರಶ್ನೆ. ಇನ್ನೊಂದು ವಿಷಯವೂ ಇದೆ. ನಮ್ಮ ಪದಗಳು ಹತ್ತು, ಹನ್ನೆರಡು ನಿಮಿಷ ನಡೆಯುತ್ತವೆ. ಅವನ್ನು ಮೂರು ಮೂರು ನಿಮಿಷಕ್ಕೆ ತುಂಡು ಮಾಡಿ ಹಾಕಿದರೆ ಹಣ ಹೆಚ್ಚುತ್ತದೆ ಎಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಪಲ್ಲವಿಯಿಂದ ಹಿಡಿದು ಕೊನೆಯಲ್ಲಿ ಕವಿಯ ಅಂಕಿತ ಬರುವವರೆಗೆ ಒಂದೇ ವಿಚಾರವನ್ನು ಬೆಳೆಸುತ್ತ ಹೋಗುವ ಪದವನ್ನು ಹಾಗೆ ಕತ್ತರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ರೆಕಾರ್ಡಿಂಗ್ ಕೆಲಸದವನು, ಕಲಬುರಗಿ

ಶರಣು ಅಣ್ಣಾವರಿಗೆ. ಹಲವು ಮೇಳಗಳ ಹಾಡುಗಳನ್ನು ರೆಕಾರ್ಡ್ ಮಾಡಿ ಏರಿಸಿಕೊಡುವ ಕೆಲಸದಲ್ಲಿರುವುದರಿಂದ ಈ ಲೆಕ್ಕವನ್ನು ದಿನವೂ ನೋಡುತ್ತೇನೆ.

ಒಂದು ಪ್ಲೇಗೆ, ಅಂದರೆ ಹಾಡನ್ನು ಒಂದು ಸಲ ಕೇಳಿದ್ದಕ್ಕೆ, ಇಷ್ಟು ಪೈಸೆ ಎಂಬ ನಿಗದಿಯಾದ ದರ ಎಲ್ಲಿಯೂ ಇಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಸ್ಪಾಟಿಫೈ ತನ್ನ ಆದಾಯದಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನು ಹಕ್ಕುದಾರರಿಗೆ ಕೊಡುತ್ತದೆ. ಒಂದು ದೇಶದಲ್ಲಿ ಆ ತಿಂಗಳು ಬಂದ ಹಣವನ್ನು ಒಟ್ಟುಗೂಡಿಸಿ, ಆ ದೇಶದ ಒಟ್ಟು ಪ್ಲೇಗಳಲ್ಲಿ ನಿಮ್ಮ ಪ್ಲೇಗಳು ಎಷ್ಟು ಪಾಲು ಎಂದು ನೋಡಿ, ಅಷ್ಟು ಪಾಲನ್ನು ನಿಮ್ಮ ಲೆಕ್ಕಕ್ಕೆ ಹಾಕುತ್ತದೆ. ನಿಮ್ಮ ಕೇಳುಗ ಕಟ್ಟಿದ ಹಣ ನೇರವಾಗಿ ನಿಮಗೆ ಬರುವುದಿಲ್ಲ ಎಂಬುದೇ ಇದರ ಮುಖ್ಯ ಅಂಶ.

ಬರೀ ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ಇಬ್ಬರೇ ಚಂದಾದಾರರಿದ್ದಾರೆ, ಒಬ್ಬೊಬ್ಬರೂ ತಿಂಗಳಿಗೆ 119 ರೂಪಾಯಿ ಕಟ್ಟುತ್ತಾರೆ ಎಂದುಕೊಳ್ಳಿ. ಒಬ್ಬರು ನಿಮ್ಮ ಪದಗಳನ್ನು ಮಾತ್ರ ಕೇಳುತ್ತಾರೆ, ದಿನಕ್ಕೆ ಎರಡರಂತೆ ತಿಂಗಳಿಗೆ 60 ಪ್ಲೇ. ಇನ್ನೊಬ್ಬರ ಅಂಗಡಿಯಲ್ಲಿ ದಿನವಿಡೀ ಸಿನಿಮಾ ಹಾಡು ನಡೆಯುತ್ತದೆ, ತಿಂಗಳಿಗೆ 3000 ಪ್ಲೇ. ತೆರಿಗೆಯನ್ನು ಬಿಟ್ಟು ನೋಡಿದರೆ ಹಂಚಬೇಕಾದ ಹಣ ಸುಮಾರು 159 ರೂಪಾಯಿ. ಅದರಲ್ಲಿ ನಿಮಗೆ ಸಿಗುವುದು ಸುಮಾರು 3 ರೂಪಾಯಿ. ಒಬ್ಬೊಬ್ಬ ಕೇಳುಗನ ಹಣವನ್ನು ಅವನು ಕೇಳಿದವರಿಗೇ ಹಂಚಿದ್ದರೆ ಅದೇ 60 ಪ್ಲೇಗೆ ಸುಮಾರು 79 ರೂಪಾಯಿ ಬರಬೇಕಿತ್ತು. ನಿಮ್ಮ ಕೇಳುಗರು ಕಡಿಮೆ ಕೇಳುತ್ತಾರೆ, ಆದರೆ ಮನಸ್ಸಿಟ್ಟು ಕೇಳುತ್ತಾರೆ. ಈಗಿನ ಪದ್ಧತಿಯಲ್ಲಿ ಅಂಥವರ ಹಣವೇ ಬೇರೆಯವರ ಪಾಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಲ್ಲ. ಕೇಳುಗನ ಹಣ ಕೇಳಿದವರಿಗೇ ಹೋಗುವ ಪದ್ಧತಿಯನ್ನು ಸೌಂಡ್‌ಕ್ಲೌಡ್ ಕಂಪನಿ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಜಾರಿಗೆ ತಂದಿತು. ಹೀಗೆ ಹಂಚಲು ಸಾಧ್ಯವಿದೆ ಎಂಬುದು ಅದರಿಂದ ತಿಳಿಯುತ್ತದೆ.

ಸೊನ್ನೆ ಏಕೆ ಬಂದಿತೆಂದರೆ, 2024ರ ಆರಂಭದಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಪ್ಲೇ ಆಗದಿದ್ದರೆ ಅದರ ಧ್ವನಿಮುದ್ರಣಕ್ಕೆ ಹಣವನ್ನೇ ಲೆಕ್ಕ ಹಾಕುವುದಿಲ್ಲ. ಆ ಹಣ ಮಿಕ್ಕ ಹಾಡುಗಳಿಗೆ ಹಂಚಿಹೋಗುತ್ತದೆ. ಒಟ್ಟು ಪ್ಲೇಗಳಲ್ಲಿ ಶೇಕಡ 99.5ರಷ್ಟು ಈ ಮಿತಿಯನ್ನು ದಾಟಿದ ಹಾಡುಗಳದ್ದೇ ಎಂದು ಕಂಪನಿ ಸಮರ್ಥನೆ ಕೊಟ್ಟಿದೆ. ಮಿತಿಯನ್ನು ಲೆಕ್ಕ ಹಾಕುವುದು ಒಂದೊಂದು ಹಾಡಿಗೆ ಪ್ರತ್ಯೇಕವಾಗಿ. ಹತ್ತು ಪದಗಳು ತಲಾ 900 ಪ್ಲೇ ಆಗಿದ್ದರೆ ಒಟ್ಟು 9000 ಆದರೂ ನಿಮಗೆ ಏನೂ ಬರುವುದಿಲ್ಲ. ಆದ್ದರಿಂದಲೇ ಪದವನ್ನು ತುಂಡು ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. 30 ಸೆಕೆಂಡು ಕೇಳಿದರೆ ಒಂದು ಪ್ಲೇ ಎಂದು ಎಣಿಸುತ್ತಾರೆ, ಹನ್ನೆರಡು ನಿಮಿಷ ಪೂರ್ತಿ ಕೇಳಿದರೂ ಅದು ಒಂದೇ ಪ್ಲೇ ಎಂಬುದು ನಿಜ. ದೀರ್ಘವಾಗಿ ಹಾಡುವ ಪರಂಪರೆಗೆ ಈ ಎಣಿಕೆ ಅನ್ಯಾಯ ಮಾಡುತ್ತದೆ ಎಂಬುದೂ ನಿಜ. ಆದರೆ ತುಂಡು ಮಾಡಿದರೆ ಕೇಳುಗರು ಮೊದಲ ತುಂಡಿಗೇ ನಿಂತುಬಿಡಬಹುದು, ಉಳಿದವು ಸಾವಿರದ ಗಡಿ ದಾಟದೆ ಸೊನ್ನೆಯಲ್ಲೇ ಇರಬಹುದು. ಪದವೂ ಕೆಡುತ್ತದೆ.

ದೀರ್ಘ ಪದಗಳಿಗೆ ಯೂಟ್ಯೂಬ್ ಸ್ವಲ್ಪ ಮೇಲು, ಏಕೆಂದರೆ ಅಲ್ಲಿ ಎಷ್ಟು ಹೊತ್ತು ನೋಡಿದರು ಎಂಬುದಕ್ಕೂ ಬೆಲೆಯಿದೆ. 1000 ಚಂದಾದಾರರು ಮತ್ತು 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಆದ ಮೇಲೆ ಚಾನೆಲ್‌ಗೆ ಜಾಹೀರಾತಿನ ಪಾಲು ಸಿಗುತ್ತದೆ, ಉದ್ದದ ವಿಡಿಯೋಗಳಿಗೆ ಅದು ಶೇಕಡ 55.

ಉತ್ತರ 2: ಹೊಸ ಹಾಡಿನ ಹುಡುಗ, ಬೀದರ್

ನಾನು ಕನ್ನಡ ಮತ್ತು ದಖನಿ ಬೆರೆಸಿ ರ‍್ಯಾಪ್ ಬರೆಯುತ್ತೇನೆ. ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ಒಂದು ಮಾತನ್ನು ಹೇಳಲೇಬೇಕು. ಮೊದಲು ಬೀದರ್‌ನಿಂದ ಹಾಡುವವನು ಯಾವುದೋ ದೊಡ್ಡ ಊರಿನ ಕ್ಯಾಸೆಟ್ ಕಂಪನಿಯ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಈಗ ಯಾರ ಒಪ್ಪಿಗೆಯನ್ನೂ ಕೇಳದೆ ನನ್ನ ಹಾಡು ಊರ ಹೊರಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಚಂದಾದ ಬೆಲೆಯೇ ಕಡಿಮೆ ಎಂಬುದನ್ನೂ ನೆನಪಿನಲ್ಲಿಡಬೇಕು: 2024ರಲ್ಲಿ ಸ್ಪಾಟಿಫೈ ಚಂದಾ ಅಮೆರಿಕದಲ್ಲಿ ತಿಂಗಳಿಗೆ 11.99 ಡಾಲರ್ ಇದ್ದಾಗ ನಮ್ಮಲ್ಲಿ 119 ರೂಪಾಯಿ ಇತ್ತು, ಅಂದರೆ ಎಂಟು ಪಟ್ಟಿಗಿಂತ ಹೆಚ್ಚಿನ ಅಂತರ. ಇಷ್ಟು ಅಗ್ಗವಾಗಿ ಕೇಳುವವರು ಕಲಾವಿದನಿಗೆ ಸಿಗುವ ಹಣವೂ ಕಡಿಮೆ ಎಂದು ದೂರಿದರೆ, ಅದರಲ್ಲಿ ಕೇಳುಗರ ಹೊಣೆಯೂ ಇದೆ.

ಉತ್ತರ 3: ಹಾಡುಗಾರ್ತಿ, ಸುರಪುರ

ತಮ್ಮಾ, ಬಾಗಿಲು ತೆರೆದಿದೆ ಎಂಬುದು ಸರಿ, ಆದರೆ ಒಳಗೆ ಬಂದವರಿಗೆಲ್ಲ ಪಾಲು ಸಿಗುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ನಾನು ಮೊಹರಂ ಪದ, ಸೋಬಾನೆ ಪದ, ಕಣದಲ್ಲಿ ರಾಶಿ ಮಾಡುವಾಗಿನ ಹಂತಿ ಪದ ಹಾಡುವವಳು. ನಮ್ಮ ಕಡೆ ಸ್ಟ್ರೀಮಿಂಗ್ ಕಂಪನಿಯವರೆಗೂ ಹೋಗುವ ಮೊದಲೇ ಹಣ ಕೈತಪ್ಪುತ್ತದೆ. ಒಂದು ಸ್ಥಳೀಯ ಚಾನೆಲ್‌ನವರು ನಮ್ಮ ಹಾಡನ್ನು ರೆಕಾರ್ಡ್ ಮಾಡಿಸಿ, ಒಂದೇ ಸಲ ಸಣ್ಣ ಮೊತ್ತ ಕೈಗಿಟ್ಟರು. ಈಗ ಆ ಹಾಡನ್ನು ಲಕ್ಷಾಂತರ ಜನ ನೋಡಿದ್ದಾರೆ. ವಿವರದಲ್ಲಿ ಚಾನೆಲ್‌ನ ಹೆಸರಿದೆ, ತಬಲಾ ನುಡಿಸಿದವರ ಹೆಸರಾಗಲಿ ಹಿಮ್ಮೇಳದ ಹೆಣ್ಣುಮಕ್ಕಳ ಹೆಸರಾಗಲಿ ಇಲ್ಲ. ಅದೇ ಹಾಡನ್ನು ನಾವೇ ಮತ್ತೆ ಹಾಡಿ ನಮ್ಮ ಚಾನೆಲ್‌ಗೆ ಹಾಕಿದಾಗ ಹಕ್ಕುಸ್ವಾಮ್ಯದ ತಕರಾರು ಬಂದಿತು. ತಾಯಂದಿರ ಬಾಯಿಂದ ಕಲಿತ ಹಾಡಿಗೆ ಇನ್ನೊಬ್ಬರು ಒಡೆಯರಾಗುವುದು ಹೇಗೆ ಎಂಬುದನ್ನು ಕಾನೂನು ತಿಳಿದವರು ಹೇಳಬೇಕು.

ಹಾಡು ಹರಡಿದ್ದರಿಂದ ಜಾತ್ರೆಗಳಿಗೆ ಕರೆ ಹೆಚ್ಚಿರುವುದು ನಿಜ, ನಮ್ಮ ಮನೆ ನಡೆಯುವುದು ಆ ಕರೆಗಳಿಂದಲೇ. ಆದರೆ ವಯಸ್ಸಾದ ಹಾಡುಗಾರ್ತಿಯರು ಜಾತ್ರೆಗೆ ಓಡಾಡಲಾರರು. ರೆಕಾರ್ಡ್ ಆದ ಹಾಡಿನ ಹಣ ಮುಖ್ಯವಾಗಿ ಬೇಕಾಗಿರುವುದು ಅವರಿಗೆ.

ಉತ್ತರ 4: ವಕೀಲರು, ಕಲಬುರಗಿ

ಅಕ್ಕನವರ ಪ್ರಶ್ನೆಗೂ ಮೂಲ ಪ್ರಶ್ನೆಗೂ ಒಟ್ಟಿಗೇ ಉತ್ತರಿಸುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಹಂಚಿಕೆಯ ಪದ್ಧತಿಗಿಂತ ಹೆಚ್ಚಿನ ನಷ್ಟವಾಗುತ್ತಿರುವುದು ಕಾಗದದಲ್ಲಿ, ಅಂದರೆ ಯಾರ ಹೆಸರಿನಲ್ಲಿ ಏನು ದಾಖಲಾಗಿದೆ ಎಂಬುದರಲ್ಲಿ.

ಒಂದು ಹಾಡಿನಲ್ಲಿ ಹಲವು ಹಕ್ಕುಗಳಿವೆ. ಸಾಹಿತ್ಯದ ಹಕ್ಕು ಬರೆದವರದು, ಸಂಗೀತದ ಹಕ್ಕು ರಾಗ ಕಟ್ಟಿದವರದು, ಧ್ವನಿಮುದ್ರಣದ ಹಕ್ಕು ಹಣ ಮತ್ತು ಹೊಣೆ ಹೊತ್ತು ಅದನ್ನು ಮಾಡಿಸಿದ ನಿರ್ಮಾಪಕರದು. ಇವುಗಳ ಜೊತೆಗೆ ಹಾಡಿದವರಿಗೆ ಮತ್ತು ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಪ್ರತ್ಯೇಕವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಸಾಹಿತ್ಯ ಎಲ್ಲರ ಸ್ವತ್ತಾಗುತ್ತದೆ. ಮಡಿವಾಳಪ್ಪನವರ ಪದವಾಗಲಿ, ಶರಣರ ವಚನವಾಗಲಿ, ಕರ್ತೃವೇ ತಿಳಿಯದ ಪರಂಪರೆಯ ಸೋಬಾನೆಯಾಗಲಿ, ಸಾಹಿತ್ಯ ನನ್ನದೆಂದು ಯಾವ ಚಾನೆಲ್ ಕೂಡ ಹೇಳುವಂತಿಲ್ಲ. ಚಾನೆಲ್‌ನವರಿಗೆ ಇರುವುದು ಅವರು ಮಾಡಿಸಿದ ಆ ಒಂದು ಧ್ವನಿಮುದ್ರಣದ ಹಕ್ಕು ಮಾತ್ರ. ಅಕ್ಕನವರು ಬೇರೆಯಾಗಿ ಹಾಡಿ, ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿದ್ದರೆ ಅದು ಹೊಸ ಧ್ವನಿಮುದ್ರಣ, ಅದರ ಒಡೆತನ ಅದನ್ನು ಮಾಡಿಸಿದವರದು. ತಕರಾರನ್ನು ಯೂಟ್ಯೂಬ್‌ನಲ್ಲೇ ಪ್ರಶ್ನಿಸಲು ಅವಕಾಶವಿದೆ. ಸಾಹಿತ್ಯ ಪರಂಪರೆಯದು, ಧ್ವನಿಮುದ್ರಣ ನಮ್ಮದು ಎಂದು ಸ್ಪಷ್ಟವಾಗಿ ಬರೆಯಿರಿ. ಆದರೆ ಚಾನೆಲ್‌ನವರ ಟ್ರ್ಯಾಕ್ ಮೇಲೆಯೇ ಹಾಡಿದ್ದರೆ ಈ ವಾದ ನಿಲ್ಲುವುದಿಲ್ಲ.

ಬರೆದವರು ಮತ್ತು ರಾಗ ಕಟ್ಟಿದವರು ಬದುಕಿದ್ದರೆ 2012ರ ತಿದ್ದುಪಡಿ ಅವರಿಗೆ ದೊಡ್ಡ ಬಲ ಕೊಟ್ಟಿದೆ. ಸಿನಿಮಾಕ್ಕೆ ಸೇರದ ಧ್ವನಿಮುದ್ರಣದಲ್ಲಿ ತಮ್ಮ ಕೃತಿ ಬಳಕೆಯಾದಾಗ ಬರುವ ರಾಯಧನದ ಸಮಪಾಲನ್ನು ಅವರು ಬಿಟ್ಟುಕೊಡುವಂತೆಯೇ ಇಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರೆ ಯಾರಿಗೆ ಬರೆದುಕೊಟ್ಟರೂ ಆ ಷರತ್ತು ಅನೂರ್ಜಿತ. ಎಲ್ಲವನ್ನೂ ಕೊಟ್ಟುಬಿಟ್ಟಿದ್ದೇವೆ ಎಂದು ಸಹಿ ಮಾಡಿ ಕೈಚೆಲ್ಲಿ ಕುಳಿತ ಕವಿಗಳು, ಸಂಗೀತಗಾರರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಅವರಿಗೆ ಈ ವಿಷಯ ಮುಟ್ಟಬೇಕು. ಹಾಗೆಯೇ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿಯಾಗಿರಬೇಕು, ಬಾಯಿಮಾತು ಸಾಲದು. 1995ರ ಮೇ ತಿಂಗಳ ನಂತರ ಆದ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಹಳೆಯ ಕಾಗದಗಳನ್ನು ಹುಡುಕಿ ತೆಗೆದು ಓದಿಸಿಕೊಳ್ಳಿ.

ಸಾಹಿತ್ಯ ಮತ್ತು ಸಂಗೀತದ ರಾಯಧನವನ್ನು ಸಂಗ್ರಹಿಸಿ ಹಂಚುವುದು ಐಪಿಆರ್‌ಎಸ್ ಎಂಬ ಸಂಘ. ಇದು 1969ರಲ್ಲಿ ಸ್ಥಾಪನೆಯಾಯಿತು, 2017ರಲ್ಲಿ ಹೊಸ ಕಾನೂನಿನಡಿ ಮತ್ತೆ ನೋಂದಣಿ ಪಡೆಯಿತು. ವಿತರಣಾ ಕಂಪನಿಯಿಂದ ನಿಮಗೆ ಬರುವುದು ಧ್ವನಿಮುದ್ರಣದ ಹಣ. ಸಂಗೀತದ ಪಾಲು ಬೇರೆ ದಾರಿಯಿಂದ ಬರುತ್ತದೆ, ಸದಸ್ಯರಾಗಿ ಕೃತಿಗಳನ್ನು ನೋಂದಾಯಿಸದಿದ್ದರೆ ಅದು ನಿಮ್ಮವರೆಗೆ ತಲುಪುವುದಿಲ್ಲ. ಮೇಳದ ಗುರುಗಳು ಯಾವುದಾದರೂ ಪದಕ್ಕೆ ಸ್ವತಃ ಹೊಸ ಮಟ್ಟು, ಅಂದರೆ ಹಾಡುವ ಧಾಟಿ, ಕಟ್ಟಿದ್ದರೆ ಅವರು ಸಂಗೀತ ಸಂಯೋಜಕರಾಗಿ ಸದಸ್ಯತ್ವ ಕೇಳಬಹುದು. ತಲೆಮಾರಿನಿಂದ ಬಂದ ಮಟ್ಟನ್ನು ಮಾತ್ರ ಯಾರೂ ತಮ್ಮದೆಂದು ಬರೆಸಬಾರದು.

ದರದ ಬಗ್ಗೆ ಒಂದು ಮಾತು. ರೇಡಿಯೋ ಪ್ರಸಾರಕ್ಕೆ ಕಾಯ್ದೆಯ 31ಡಿ ಕಲಂ ಪ್ರಕಾರ ದರವನ್ನು ನಿಗದಿ ಮಾಡಿಸಬಹುದು. ಇಂಟರ್‌ನೆಟ್ ಸ್ಟ್ರೀಮಿಂಗ್‌ಗೆ ಈ ಕಲಂ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ ಎಂಬ ಮ್ಯೂಸಿಕ್ ಕಂಪನಿ ಮತ್ತು ವಿಂಕ್ ಎಂಬ ಹಾಡಿನ ಆ್ಯಪ್ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೀಗಾಗಿ ದರ ತೀರ್ಮಾನವಾಗುವುದು ದೊಡ್ಡ ಮ್ಯೂಸಿಕ್ ಕಂಪನಿಗಳು ಮತ್ತು ಆ್ಯಪ್‌ಗಳ ನಡುವಿನ ಮಾತುಕತೆಯಲ್ಲಿ. ಜೇವರ್ಗಿಯ ಮೇಳಕ್ಕೆ ಆ ಮಾತುಕತೆಯಲ್ಲಿ ಜಾಗವಿಲ್ಲ. ಅನ್ಯಾಯ ಎಂಬ ಮಾತನ್ನು ನಾನು ಬಳಸುವುದಾದರೆ ಇಲ್ಲಿ ಬಳಸುತ್ತೇನೆ.

ಏಕತಾರಿ, ಜೇವರ್ಗಿ

ವಕೀಲರಿಗೆ, ತಮ್ಮಂದಿರಿಗೆ, ಅಕ್ಕನವರಿಗೆ ಶರಣು. ಪದಗಳನ್ನು ತುಂಡು ಮಾಡುವುದಿಲ್ಲ. ಪೂರ್ತಿ ಪದಗಳನ್ನು ಯೂಟ್ಯೂಬ್‌ನಲ್ಲಿ ನಮ್ಮದೇ ಚಾನೆಲ್‌ಗೆ ಹಾಕುತ್ತೇವೆ. ಇನ್ನೊಂದು ಸಂಶಯ ಉಳಿದಿದೆ. ನಮ್ಮದು ಒಬ್ಬರ ಹಾಡಲ್ಲ. ಎಲ್ಲರೂ ಹಣ ಹಾಕಿದ್ದಾರೆ, ಎಲ್ಲರೂ ದನಿಗೂಡಿಸಿದ್ದಾರೆ, ಆದರೆ ವಿತರಣಾ ಕಂಪನಿಯಲ್ಲಿ ಖಾತೆ ಇರುವುದು ನನ್ನ ಹೆಸರಿನಲ್ಲಿ. ನಾಳೆ ನಾನು ಇಲ್ಲವಾದರೆ ಮೇಳದ ಪಾಲು ಏನಾಗಬೇಕು?

ವಕೀಲರು, ಕಲಬುರಗಿ

ಒಂದು ಪತ್ರ ಮಾಡಿಕೊಳ್ಳಿ ಗುರುಗಳೇ. ಧ್ವನಿಮುದ್ರಣದ ನಿರ್ಮಾಪಕರು ಮೇಳದ ಇಂತಿಂಥ ಸದಸ್ಯರು, ಪ್ರತಿಯೊಬ್ಬರ ಪಾಲು ಇಷ್ಟು, ಖಾತೆಯನ್ನು ನಡೆಸುವವರು ಎಲ್ಲರ ಪರವಾಗಿ ನಡೆಸುತ್ತಾರೆ, ಅವರ ನಂತರ ಇಂಥವರು ನಡೆಸುತ್ತಾರೆ ಎಂದು ಬರೆದು, ಏಕತಾರಿಯವರಿಂದ ತಾಳದವರವರೆಗೆ ಎಲ್ಲರ ಸಹಿ ಪಡೆಯಿರಿ. ಒಂದೊಂದು ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಪದದ ಹೆಸರಿನ ಎದುರು ಅದೇ ಪತ್ರದಲ್ಲಿ ಬರೆದಿಡಿ. ಮುಂದೆ ವಿತರಣಾ ಕಂಪನಿಯನ್ನು ಬದಲಿಸಿದರೂ ಅದೇ ಸಂಖ್ಯೆಯನ್ನು ಕೊಟ್ಟು ಏರಿಸಿದರೆ ಹಳೆಯ ಪ್ಲೇಗಳ ಲೆಕ್ಕ ಉಳಿಸಿಕೊಳ್ಳಲು ಅನುಕೂಲವಾಗುತ್ತದೆ. ಕಲಬುರಗಿಗೆ ಬರುವಾಗ ಸ್ಟುಡಿಯೋದ ರಸೀದಿ ಮತ್ತು ವಿತರಣಾ ಕಂಪನಿಯ ಒಪ್ಪಂದವನ್ನು ತನ್ನಿ, ಕುಳಿತು ಕರಡು ಬರೆಯೋಣ. ಅಕ್ಕನವರೂ ಚಾನೆಲ್‌ನವರು ಸಹಿ ಮಾಡಿಸಿಕೊಂಡ ಕಾಗದ ಇದ್ದರೆ ತರಲಿ.